ಎಲಿ ಎತ್ತೋ ಮನಿತನ

ಸುರೇಬಾನದ ಅಂದಾನೆಪ್ಪನವರಿಗೆ ತಮ್ಮ ವಿನಯದ ಬಗ್ಗೆ ಬಹಳ ಹೆಮ್ಮೆ. ಊರಲ್ಲಿ ಹೊಲ ಇದ್ದವರಿದ್ದಾರೆ, ಟ್ರ್ಯಾಕ್ಟರ್ ಇದ್ದವರಿದ್ದಾರೆ, ಕಾಲುವೆಯ ನೀರಿಗೆ ಕಬ್ಬು ಬೆಳೆದು ಮಹಡಿ ಮನೆ ಎಬ್ಬಿಸಿದವರಿದ್ದಾರೆ. ಆದರೆ ವಿನಯ ಎಂಬುದು ತಮ್ಮ ಮನೆತನಕ್ಕೆ ಬಿಟ್ಟರೆ ಇನ್ನೊಬ್ಬರಿಗೆ ಒಲಿದಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ. ಈ ಅಭಿಪ್ರಾಯವನ್ನು ಅವರು ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಕುಳಿತು, ಹಿಂದಿನ ಓಣಿಯವರಿಗೂ ಕೇಳಿಸುವಂತೆ ಹೇಳುತ್ತಿದ್ದರು. ರಾಮದುರ್ಗದ ಬಸ್ಸಿಗೆ ಕಾಯುವವರಿಗೆ ಬೇರೆ ದಾರಿ ಇರಲಿಲ್ಲವಾದ್ದರಿಂದ ಎಲ್ಲರೂ ಕೇಳುತ್ತಿದ್ದರು.

ಹೆಮ್ಮೆಗೆ ಕಾರಣವಿಲ್ಲದೆ ಇಲ್ಲ. ಊರಾಚೆ ಬೇವಿನ ಮರಗಳ ನಡುವೆ ಊರವರು ಅಜ್ಜ ಎಂದು ಕರೆಯುವ ಶರಣರೊಬ್ಬರ ಗದ್ದುಗೆ ಇದೆ. ಶ್ರಾವಣದ ಕಡೆಯ ಸೋಮವಾರ ಅಲ್ಲಿ ದಾಸೋಹ. ಸುತ್ತಲಿನ ಹಳ್ಳಿಗಳ ಜನ ಬಂದು ಸಾಲಾಗಿ ಕುಳಿತು, ಮುತ್ತುಗದ ಪತ್ರಾವಳಿಯಲ್ಲಿ ಗೋದಿ ಹುಗ್ಗಿ ಉಣ್ಣುತ್ತಾರೆ. ಉಂಡವರು ತಮ್ಮ ಎಲೆಯನ್ನು ತಾವು ಎತ್ತುವ ಹಾಗಿಲ್ಲ. ಅದನ್ನು ಎತ್ತುವ ಸೇವೆ ತಲೆತಲಾಂತರದಿಂದ ಅಂದಾನೆಪ್ಪನವರ ಮನೆಯದು. ಊರವರು ಆ ಮನೆಯನ್ನು ಕರೆಯುವುದೇ 'ಎಲಿ ಎತ್ತೋ ಮನಿ' ಎಂದು. ಬೇರೆ ಕಡೆಯವರು ಕೇಳಿದರೆ ಬೈಗುಳ ಎಂದುಕೊಂಡಾರು. ಸುರೇಬಾನದಲ್ಲಿ ಅದು ಬಿರುದು.

ಈ ಬಿರುದು ಬಂದದ್ದು ಹೇಗೆ ಎಂಬುದಕ್ಕೆ ಮನೆಯೊಳಗೇ ಎರಡು ಪುರಾಣಗಳಿವೆ. ಅಂದಾನೆಪ್ಪನವರ ಪುರಾಣದಲ್ಲಿ, ಅವರ ಮುತ್ತಜ್ಜನ ಭಕ್ತಿಗೆ ಮೆಚ್ಚಿದ ಗದ್ದುಗೆಯ ಅಜ್ಜ, "ಎಲ್ಲಾಕಿಂತ ದೊಡ್ಡ ಸೇವಾ ನಿನಗ ಕೊಟ್ಟೇನಿ, ತಗೋ" ಎಂದು ತಲೆಯ ಮೇಲೆ ಕೈಯಿಟ್ಟರು. ಗುರುಬಸವ್ವನ ಪುರಾಣದಲ್ಲಿ (ಆಕೆ ಅವರ ಧರ್ಮಪತ್ನಿ, ಆದ್ದರಿಂದ ಆಕೆಯ ಪುರಾಣವನ್ನೇ ಜನ ಹೆಚ್ಚು ನಂಬುತ್ತಾರೆ) ಆ ಮುತ್ತಜ್ಜ ಪಂಕ್ತಿಯ ಮೊದಲ ಜಾಗ ತನಗೇ ಬೇಕೆಂದು ಜಗಳ ತೆಗೆದಿದ್ದ. ಅಜ್ಜ ಅವನನ್ನು ಅಲ್ಲಿಂದ ಎಬ್ಬಿಸಿ ಎಲೆ ಎತ್ತಲು ಹಚ್ಚಿದರು. ಒಂದು ತಲೆಮಾರಿಗೆ ಶಿಕ್ಷೆಯಾಗಿದ್ದದ್ದು ಮುಂದಿನವರಿಗೆ ರೂಢಿಯಾಗಿ, ಅಂದಾನೆಪ್ಪನವರ ಕೈಗೆ ಬರುವಷ್ಟರಲ್ಲಿ ಹಕ್ಕಾಗಿ ಕುಳಿತಿತ್ತು.

ಹಕ್ಕು ಅವರದು, ಎತ್ತುವ ಕೈ ಮಾತ್ರ ಬೇರೆಯವರದು. ಮೊಣಕಾಲು ಕೈಕೊಟ್ಟ ಮೇಲೆ ಅಂದಾನೆಪ್ಪನವರು ವರ್ಷಕ್ಕೊಂದು ಎಲೆ ಎತ್ತುತ್ತಿದ್ದರು. ಅದನ್ನು ಹಣೆಗೆ ಹಚ್ಚಿ, ಫೋಟೋಕ್ಕೆ ನಿಂತು, ಪಕ್ಕಕ್ಕೆ ಸರಿದರೆ ಮುಗಿಯಿತು. ಉಳಿದವುಗಳನ್ನು ಮಗ ಸುಭಾಸನ ಗೊಬ್ಬರದ ಅಂಗಡಿಯ ಹಮಾಲರು ರಾಮದುರ್ಗದಿಂದ ಬಂದು ಎತ್ತುತ್ತಿದ್ದರು. ಎಲೆ ಎತ್ತುವವರು ಕಡೆಯ ಪಂಕ್ತಿಯಲ್ಲಿ ಉಣ್ಣಬೇಕು ಎಂಬ ಪದ್ಧತಿಯನ್ನೂ ಅಂದಾನೆಪ್ಪನವರು ಉದಾರ ಮನಸ್ಸಿನಿಂದ ಹಮಾಲರಿಗೇ ಬಿಟ್ಟುಕೊಟ್ಟು, ತಾವು ಮೊದಲ ಪಂಕ್ತಿಯ ಮೊದಲ ಎಲೆಗೆ ಕೂರುತ್ತಿದ್ದರು.

ಈ ವರ್ಷ ಇದಕ್ಕೆ ಕಲ್ಲು ಬಿತ್ತು. ಕಲ್ಲು ಹಾಕಿದವರು ಅವರ ಕಾಕಾನ ಮಗ ವಿರೂಪಾಕ್ಷಪ್ಪ. ಗದ್ದುಗೆಯ ಕಟ್ಟೆಯ ಮೇಲೆ ಹಿರಿಯರೆಲ್ಲ ಸೇರಿದಾಗ ಎದ್ದು ನಿಂತು ಅವರು ಕೇಳಿದರು, "ಎಲಿ ಎತ್ತೋ ಮನಿ ಅಂತೀರಿ. ಆ ಮನ್ಯಾಗ ಎಲಿ ಎತ್ತೋರು ಯಾರದಾರ್ರಿ? ಪಗಾರ ಕೊಟ್ಟು ಮಾಡಸೂದಕ್ಕ ಸೇವಾ ಅಂತಾರೇನು? ನನ್ನ ಗಂಡಮಕ್ಕಳು ನಾಕ ಮಂದಿ ಗಟ್ಟಿಮುಟ್ಟ ಅದಾರ. ನಮಗ ಕೊಡ್ರಿ."

ಹಿರಿಯರಲ್ಲಿ ಹಿರಿಯರಾದ ಹಣಮಂತಪ್ಪ ಗಡ್ಡ ಕೆರೆದುಕೊಂಡರು. ಅವರು ಕಡಿಮೆ ಮಾತಿನವರು. ಆಡಿದರೆ ಊರಲ್ಲಿ ಅದನ್ನು ಮೀರುವವರಿಲ್ಲ. "ಈ ವರ್ಷ ನೋಡೂಣು," ಎಂದರು. "ಮೊದಲನೇ ಎಲಿಯಿಂದ ಕಡೀ ಎಲಿ ತನಕ ಮನಿಯವರ ಕೈಲೇನ ಎತ್ತಬೇಕು. ಪದ್ಧತಿ ಹೆಂಗೈತಿ ಹಂಗ. ಒಂದ ಎಲಿ ತಪ್ಪಿದ್ರೂ ಮುಂದಿನ ವರ್ಷದಿಂದ ವಿರೂಪಾಕ್ಷಪ್ಪಾರ ಮನಿಗೆ."

ಅಂದಾನೆಪ್ಪನವರು ಮನೆಗೆ ಬಂದು, ತಲೆಯ ಪಟಕಾ ತೆಗೆದು ಗೂಟಕ್ಕೆ ಸಿಕ್ಕಿಸಿ, ಪಡಸಾಲೆಯಲ್ಲಿ ಕುಳಿತು ನಕ್ಕರು. ಗುರುಬಸವ್ವನಿಗೆ ಆ ನಗು ಗೊತ್ತು. ಬತ್ತಿದ ಬೋರಿಗೆ ಮತ್ತೊಮ್ಮೆ ಮೋಟರು ಇಳಿಸಿದ ದಿನವೂ ಅವರು ಹೀಗೇ ನಕ್ಕಿದ್ದರು.

"ಏನಾತ್ರಿ?" ಎಂದು ಆಕೆ ಕೇಳಿದರು.

"ವಿರೂಪಾಕ್ಷಿ ನನಗ ಬಲಿ ಬೀಸ್ಯಾನ. ತಾನ ಬೀಳ್ತಾನ ನೋಡು," ಎಂದು ಅಂದಾನೆಪ್ಪನವರು ನಡೆದದ್ದನ್ನು ಹೇಳಿದರು.

"ಅಲ್ಲರಿ, ನಿಮ್ಮ ಮೊಣಕಾಲು ಬಗ್ಗತಾವೇನು?"

"ನನ್ನೂ ಯಾಕ ಬಗ್ಗಬೇಕು? ನಮ್ಮ ಮನ್ಯಾಗ ಬಗ್ಗೋ ಮೊಣಕಾಲು ನಾಕ ಅದಾವು."

ಗುರುಬಸವ್ವ ಲೆಕ್ಕ ಹಾಕಿದರು. ಸುಭಾಸನ ಮೊಣಕಾಲು ಅಲ್ಲ. ಯೂರಿಯಾ ಗೊಬ್ಬರಕ್ಕೆ ಜನ ಸಾಲು ನಿಲ್ಲುವ ಕಾಲ, ಅವನು ಅಂಗಡಿ ಬಿಟ್ಟು ಬರುವ ಹಾಗಿಲ್ಲ. ಸೊಸೆ ರಾಜೇಶ್ವರಿಯದೂ ಅಲ್ಲ. ಅವಳು ಊರ ಸಾಲೆಯಲ್ಲಿ ಟೀಚರು, ದಾಸೋಹದ ದಿನ ಅಡಿಗೆಯ ಉಸ್ತುವಾರಿ ಅವಳದು. ಉಳಿದದ್ದು ಮೊಮ್ಮಕ್ಕಳು. ಐದನೆಯ ಇಯತ್ತೆಯ ಐಶ್ವರ್ಯಾ, ಎರಡನೆಯ ಇಯತ್ತೆಯ ಸಂದೀಪ.

ರಾಜೇಶ್ವರಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಮಾವಾರ, ಹುಡುಗ್ರು ಸೇವಾ ಮಾಡ್ಲಿ, ನಾ ಬ್ಯಾಡ ಅನ್ನೂದಿಲ್ರಿ. ಆದ್ರ ನನ್ನ ಮಕ್ಕಳು ನನಗ ಗೊತ್ತದಾವು. ನಿಯಮ ಅಂತ ಒಮ್ಮೆ ತಲ್ಯಾಗ ಹೊಕ್ರ ಮತ್ತ ಹೊರಗ ಬರೂದಿಲ್ರಿ."

"ಅದ ಬೇಕಾಗೇತವ್ವಾ ನನಗ," ಎಂದರು ಅಂದಾನೆಪ್ಪನವರು. ಅವರ ಧೈರ್ಯಕ್ಕೆ ಮಿತಿ ಇರಲಿಲ್ಲ.

ಅಂದೇ ಸಂಜೆ ಮನೆತನದ ಅಧ್ಯಾತ್ಮ ಸಂಪತ್ತನ್ನು ಮುಂದಿನ ಪೀಳಿಗೆಗೆ ಹಸ್ತಾಂತರಿಸುವ ಮಹಾಕಾರ್ಯ ಶುರುವಾಯಿತು. ಮೊದಲ ಭಾಗ ಮುತ್ತಜ್ಜನ ಮಹಿಮೆ. ಐಶ್ವರ್ಯಾ ಆಕಳಿಸಿದಳು. ಸಂದೀಪ ಜಮಖಾನೆಯ ದಾರ ಎಳೆಯುತ್ತ ಕುಳಿತಿದ್ದವನು ಕೇಳಿದ, "ಅಜ್ಜಾ, ಮಂದಿ ಎಂಜಲಾ ನಾವ್ಯಾಕ ಎತ್ತಬೇಕು?"

"ಎಂಜಲಾ ಅನ್ನಬಾರದಪಾ. ಪ್ರಸಾದ."

"ಉಂಡ ಮ್ಯಾಲೂ ಪ್ರಸಾದನ?"

"ಉಣ್ಣೂಕಿನ ಮೊದಲೂ ಪ್ರಸಾದ, ಉಂಡ ಮ್ಯಾಲೂ ಪ್ರಸಾದ. ಅದಕ್ಕ ಒಂದ ಅಗಳ ಸೈತ ಕೆಡಸಬಾರದು. ಎಲಿಯಾಗ ಏನರ ಉಳದಿದ್ರ ಆ ಎಲಿ ನಾವು ಎತ್ತೂದಿಲ್ಲ. ಉಂಡು ಮುಗಸೂ ತನಕ ಮುಂದ ನಿಂತ ಬಿಡತೇವಿ."

ಸಂದೀಪನ ಕೈಯಿಂದ ದಾರ ಬಿತ್ತು. "ಹೆಡ್ಮಾಸ್ತರು ಉಳಸಿದ್ರ?"

"ಹೆಡ್ಮಾಸ್ತರಾದ್ರೇನು."

"ಪೊಲೀಸರು?"

"ಪೊಲೀಸರಾದ್ರೇನು."

"ನಮ್ಮವ್ವ?"

"ನಿಮ್ಮವ್ವಾದ್ರೇನು. ಪಂಕ್ತಿಯಾಗ ಸಣ್ಣವರಿಲ್ಲ, ದೊಡ್ಡವರಿಲ್ಲ."

ಮುಂದಿನ ಪ್ರಶ್ನೆ ಸಂದೀಪ ಕೇಳಲಿಲ್ಲ. ಕೇಳಿದ್ದರೂ ಅಂದಾನೆಪ್ಪನವರು ಅದಕ್ಕೂ ಅದೇ ಉತ್ತರ ಕೊಡುತ್ತಿದ್ದರು, ಅಷ್ಟು ಉಮೇದಿನಲ್ಲಿದ್ದರು. ಐಶ್ವರ್ಯಾ ಈಗ ನೆಟ್ಟಗೆ ಕುಳಿತಿದ್ದಳು. ಹೋಮವರ್ಕು, ತಲೆ ಬಾಚುವುದು, ಹಾಲು ಕುಡಿಯುವುದು ಎಂದು ದಿನವಿಡೀ ದೊಡ್ಡವರ ಅಪ್ಪಣೆಯಲ್ಲೇ ಇರುವ ಮಕ್ಕಳಿಗೆ, ದೊಡ್ಡವರ ಮುಂದೆ ನಿಂತು ಅಪ್ಪಣೆ ಮಾಡುವ ಕೆಲಸವೂ ಲೋಕದಲ್ಲಿದೆ ಎಂದು ಅಂದೇ ತಿಳಿಯಿತು. "ಮತ್ತೇನ ನಿಯಮ ಅದಾವಜ್ಜಾ?" ಎಂದು ಕೇಳಿದಳು.

ಎರಡೂ ಕೈಯಿಂದ ಎತ್ತಬೇಕು. ಎತ್ತಿದ್ದನ್ನು ಹಣೆಗೆ ಹಚ್ಚಬೇಕು. ಮೊದಲ ಎಲೆ ಎತ್ತುವವರೆಗೆ ಪಂಕ್ತಿಯಲ್ಲಿ ಯಾರೂ ಏಳಬಾರದು. ಈ ಕಡೆಯ ನಿಯಮವನ್ನು ಅಂದಾನೆಪ್ಪನವರು ಕೊಂಚ ಒತ್ತಿ ಹೇಳಿದರು, ಏಕೆಂದರೆ ಆ ಮೊದಲ ಎಲೆಗೆ ಕೂರುವವರು ತಾವೇ.

ಮರುದಿನದಿಂದ ಮನೆಯಲ್ಲಿ ತಾಲೀಮು. ರಾಜೇಶ್ವರಿ ಸಾಲೆಗೆ ಹೊತ್ತಾಯಿತೆಂದು ಅರ್ಧ ರೊಟ್ಟಿ ಬಿಟ್ಟು ಏಳಹೋದರೆ ಮುಂದೆ ಸಂದೀಪ ಕೈಕಟ್ಟಿ ನಿಂತಿರುತ್ತಿದ್ದ. ಟೀಚರೇ ತಡವಾಗಿ ಬರುವುದನ್ನು ಸಾಲೆಯ ಮಕ್ಕಳು ಬೆರಗಿನಿಂದ ನೋಡಿದರು. ರಾತ್ರಿ ಊಟಕ್ಕೆ ಬರುತ್ತಿದ್ದ ಸುಭಾಸನ ತಟ್ಟೆಯಲ್ಲಿ ಕರಿಬೇವು, ಮೆಣಸಿನಕಾಯಿಯ ತೊಟ್ಟು ಉಳಿದರೂ ವಿಚಾರಣೆ. ಮೂರ್ನಾಲ್ಕು ದಿನ ನೋಡಿ ಅವನು ಅಂಗಡಿಯಿಂದ ಫೋನು ಹಚ್ಚಿದ. "ಅಪ್ಪಾ, ಇವತ್ತ ನಾ ಇಲ್ಲೇ ಖಾನಾವಳಿಯಾಗ ಉಂಡ ಬರತೇನಿ. ಮನ್ಯಾಗ ಉಣ್ಣಾಕ ಅಂಜಿಕಿ ಬರಾಕತ್ತೇತಿ."

ಗುರುಬಸವ್ವ ಮಾತ್ರ ಜಾಣೆ. ನಿಂತೇ ಉಂಡು, ತಟ್ಟೆ ತೊಳೆದು, ಬೋರಲು ಹಾಕಿಬಿಡುತ್ತಿದ್ದರು. ಅಂದಾನೆಪ್ಪನವರು ಪರೀಕ್ಷಕರಾದ್ದರಿಂದ ಅವರನ್ನು ಪರೀಕ್ಷಿಸುವವರಿರಲಿಲ್ಲ. "ನೋಡಿದೇನು, ನೆತ್ತರದಾಗ ಬಂದೈತಿ ಸೇವಾ," ಎಂದು ಅವರು ಹೆಂಡತಿಗೆ ಹೇಳುತ್ತಿದ್ದರು.

ಕಡೆಯ ಸೋಮವಾರ ಬಂತು. ಗದ್ದುಗೆಯ ಬಯಲಿನಲ್ಲಿ ಶಾಮಿಯಾನ, ಒಲೆಗಳ ಹೊಗೆ, ದೊಡ್ಡ ಕೊಪ್ಪರಿಗೆಗಳಲ್ಲಿ ಕುದಿಯುವ ಹುಗ್ಗಿಯ ಬೆಲ್ಲದ ಘಮ. ಸಿರಸಂಗಿ ಕಡೆಯಿಂದಲೂ ಜನ ಬಂದಿದ್ದರು. ಐಶ್ವರ್ಯಾ, ಸಂದೀಪ ಹಣೆತುಂಬ ವಿಭೂತಿ ಹಚ್ಚಿ, ಸೊಂಟಕ್ಕೆ ಟವೆಲು ಬಿಗಿದು ಪಂಕ್ತಿಯ ತುದಿಯಲ್ಲಿ ನಿಂತಿದ್ದರು. ಅಂದಾನೆಪ್ಪನವರು ಮೊದಲ ಎಲೆಗೆ ಕುಳಿತರು. ಎರಡನೆಯ ಎಲೆಗೆ ವಿರೂಪಾಕ್ಷಪ್ಪ ಬಂದು ಕುಳಿತರು. ನಿಗಾ ಇಡಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇರಲಿಲ್ಲ. ಹಣಮಂತಪ್ಪ ಮುಂದಿನ ಕಂಬಕ್ಕೆ ಒರಗಿ ನಿಂತರು.

ಗುರುಬಸವ್ವ ಹುಗ್ಗಿಯ ಬಕೀಟು ಹಿಡಿದು ಬಂದರು. ವಿರೂಪಾಕ್ಷಪ್ಪ ಕಾಳಜಿ ತೋರಿಸಿದರು. "ಅಣ್ಣಾ, ತುಸು ಹಾಕಸ್ಕೋ. ಹುಗ್ಗಿ ಭಾರ ಇರತೈತಿ. ನಿನ್ನ ವಯಸ್ಸಿಗೆ ಪಚನ ಆಗೂದಿಲ್ಲ."

ಬಯಲು ತುಂಬ ಜನ ಕುಳಿತಿದ್ದಾರೆ, ವಯಸ್ಸಿನ ಮಾತು ಬಂದಿದೆ. ಅಂದಾನೆಪ್ಪನವರು ಬೆನ್ನು ನೆಟ್ಟಗೆ ಮಾಡಿದರು. "ಸಕ್ಕರಿ ಬ್ಯಾನಿ ಇರೂದು ನಿನಗ, ನೀ ತುಸು ಹಾಕಸ್ಕೋ. ನನಗೇನಾಗೇತಿ? ಏ ಇಕಿ, ಹಾಕು."

ಗುರುಬಸವ್ವ ಒಂದು ಸವಟು ಹಾಕಿದರು.

"ಹಾಕು."

ಇನ್ನೊಂದು ಹಾಕಿದರು. "ಸಾಕೇನ್ರಿ?"

"ಪ್ರಸಾದಕ್ಕ ಸಾಕ ಅನ್ನಬಾರದು. ಹಾಕ ನೀ."

ಅಷ್ಟು ವರ್ಷದ ಸಂಸಾರದಲ್ಲಿ ಗುರುಬಸವ್ವ ಗಂಡನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದು ಅದೇ ಮೊದಲು ಇರಬೇಕು. ಗಂಡ ಬೇಡ ಎನ್ನಲಿ ಎಂದು ಹಾಕುತ್ತಲೇ ಹೋದರು. ಅವರು ಬೇಡ ಎನ್ನಲಿಲ್ಲ. ವಿರೂಪಾಕ್ಷಪ್ಪ ಮಾತ್ರ ಒಂದು ಚಮಚದಷ್ಟು ಹಾಕಿಸಿಕೊಂಡು, ಎಲೆ ಹೊಳೆಯುವಂತೆ ಬಳಿದು ತಿಂದು, ಕೈಕಟ್ಟಿ ಕುಳಿತರು.

ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಸಾರು ಎಲ್ಲ ಆದ ಮೇಲೂ ಅಂದಾನೆಪ್ಪನವರ ಎಲೆಯ ಮೇಲೆ ಹುಗ್ಗಿ ತೊರಗಲ್ಲಿನ ಗುಡ್ಡದ ಹಾಗೆ ಕುಳಿತಿತ್ತು. ಅವರು ಗಾಬರಿಯಾಗಲಿಲ್ಲ. ಪ್ರತಿ ವರ್ಷದ ಹಾಗೆ ಎಲೆಯ ಅರ್ಧವನ್ನು ಅದರ ಮೇಲೆ ಮಡಚಿ, ಒತ್ತಿ, ತೃಪ್ತಿಯಿಂದ ತೇಗಿದರು. ಹಮಾಲರು ಯಾವತ್ತೂ ಎಲೆ ಬಿಚ್ಚಿ ನೋಡಿದವರಲ್ಲ.

ಐಶ್ವರ್ಯಾ ಬಂದು ಮುಂದೆ ನಿಂತಳು. "ಅಜ್ಜಾ, ಎಲಿ ಬಿಚ್ಚು."

"ಆತವ್ವಾ, ಎತ್ತು."

"ಬಿಚ್ಚು, ನೋಡೂಣು."

ಅಂದಾನೆಪ್ಪನವರು ಎಡಗಣ್ಣು ಹೊಡೆದರು. ಮೊಮ್ಮಗಳಿಗೆ ಅದು ಅರ್ಥವಾಗಲಿಲ್ಲ, ಅಥವಾ ಅರ್ಥವಾಗಿಯೂ ಆಗಲಿಲ್ಲ. ಅವಳು ಕುಕ್ಕರಗಾಲಲ್ಲಿ ಕುಳಿತು, ಎರಡು ಬೆರಳಿನಿಂದ ಎಲೆಯ ಮಡಿಕೆ ಎತ್ತಿದಳು.

"ತುಸು ಉಳದೇತಿ," ಎಂದರು ಅಂದಾನೆಪ್ಪನವರು.

"ತುಸು ಅಲ್ಲಜ್ಜಾ, ಭಾಳ ಉಳದೇತಿ," ಎಂದು ಸಂದೀಪ ಪಾಠ ಓದುವ ದನಿಯಲ್ಲಿ ಎಲ್ಲರಿಗೂ ತಿಳಿಸಿದ.

ಪಂಕ್ತಿಯುದ್ದಕ್ಕೂ ಒಂದು ಸದ್ದು ಸರಿದು ಹೋಯಿತು. ಅದು ಮಡಚಿದ ಎಲೆಗಳನ್ನು ಜನ ಮೆಲ್ಲಗೆ ಮತ್ತೆ ಬಿಚ್ಚುತ್ತಿದ್ದ ಸದ್ದು. ಎಷ್ಟೋ ಮಂದಿ ತಲೆ ತಗ್ಗಿಸಿ ಗಡಿಬಿಡಿಯಿಂದ ಉಣ್ಣತೊಡಗಿದರು. ಆಗ ವಿರೂಪಾಕ್ಷಪ್ಪನವರ ದನಿ ಬೆಲ್ಲದಂತಾಯಿತು. "ಎತ್ತ ನನ್ನ ಮಗಳ, ಎತ್ತ. ನಿಮ್ಮಜ್ಜ ವಯಸ್ಸಾದಾವ. ಅವನ ಒಂದ ಎಲಿ ಹಂಗ ಎತ್ತಿಬಿಡು. ಯಾರೇನ ಅನ್ನೂದಿಲ್ಲ." ಹೀಗೆ ಹೇಳುತ್ತ ಅವರು ಕಡೆಗಣ್ಣಿನಿಂದ ಹಣಮಂತಪ್ಪನವರನ್ನು ನೋಡಿದರು. ಹಣಮಂತಪ್ಪ ಕಂಬಕ್ಕೆ ಒರಗಿದ್ದವರು ನೆಟ್ಟಗಾದರು.

ಅಂದಾನೆಪ್ಪನವರಿಗೆ ವಿರೂಪಾಕ್ಷಪ್ಪನ ಮಾತಿನ ಒಳಗುಟ್ಟು ತಿಳಿಯಲಿಲ್ಲ. ಮೊಮ್ಮಕ್ಕಳು ಹತ್ತೂರ ಜನರ ಮುಂದೆ ಎಲೆ ಬಿಚ್ಚಿಸಿದ್ದಕ್ಕೆ ಅವರ ಮೂಗಿನ ತುದಿಗೆ ಸಿಟ್ಟು ಬಂದಿತ್ತು. "ಎತ್ತಂದ್ರ ಎತ್ತಬೇಕು," ಎಂದು ಗದರಿದರು. "ಹೇಳಿದ್ದ ಕೇಳೂದಿಲ್ಲೇನು?"

 ಅಜ್ಜ ಐಶ್ವರ್ಯಾಳನ್ನು ಹೀಗೆ ಗದರಿದ್ದೇ ಇಲ್ಲ. ಕಣ್ಣು ತುಂಬಿಕೊಂಡವು, ಆದರೆ ಕೈ ಎಲೆಗೆ ಹೋಗಲಿಲ್ಲ. ಅವಳು ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟಳು. "ಹೇಳಿದ್ದ ಕೇಳಾಕತ್ತೇನಜ್ಜಾ. ಹೆಡ್ಮಾಸ್ತರಾದ್ರೇನು, ಪೊಲೀಸರಾದ್ರೇನು ಅಂತ ನೀನ ಹೇಳೀದಿ. ನಿಧಾನಕ್ಕ ಉಣ್ಣು. ನಾ ಇಲ್ಲೇ ಕುಂತೇನಿ."

ಅಂದಾನೆಪ್ಪನವರು ಅವಳ ಮುಖ ನೋಡಿದರು. ಆಮೇಲೆ ಪಕ್ಕದಲ್ಲಿ ಜೇನಿನಂತೆ ನಗುತ್ತಿದ್ದ ವಿರೂಪಾಕ್ಷಪ್ಪನ ಮುಖ ನೋಡಿದರು. ಹಣಮಂತಪ್ಪ ನಿಂತ ರೀತಿ ನೋಡಿದರು. ಆಗ ಅವರಿಗೆ ಎಲ್ಲ ಹೊಳೆಯಿತು. ಹುಡುಗಿ ಹುಗ್ಗಿ ಉಳಿದ ಈ ಎಲೆ ಎತ್ತಿದ್ದರೆ ಪದ್ಧತಿ ತಪ್ಪಿ, ಮೊದಲ ಎಲೆಗೇ ಸೇವೆ ಕೈಬಿಟ್ಟು ಹೋಗುತ್ತಿತ್ತು. ಕಳೆಯುವವರು ತಾವೇ ಆಗುತ್ತಿದ್ದರು. ಉಳಿಸುತ್ತಿರುವವಳು ಕಣ್ಣೀರು ನುಂಗಿಕೊಂಡು ಕುಳಿತ ಈ ಮೋಟುಜಡೆಯ ಹುಡುಗಿ. ಅವರಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಎದೆ ತುಂಬಿ ಬಂತು. ಆದರೆ ಎದೆ ತುಂಬಿದ್ದು ಆ ಹೊತ್ತಿಗೆ ಉಪಯೋಗಕ್ಕೆ ಬರಲಿಲ್ಲ, ಏಕೆಂದರೆ ಅದಾಗಲೇ ತುಂಬಿದ್ದ ಹೊಟ್ಟೆಯಲ್ಲಿ ಜಾಗ ಬೇಕಾಗಿತ್ತು.

ಅವರು ಉಣ್ಣಲು ಶುರು ಮಾಡಿದರು. ಮೊದಲು ಅಭಿಮಾನದಿಂದ ಉಂಡರು, ಆಮೇಲೆ ಹಟದಿಂದ ಉಂಡರು, ಆಮೇಲೆ ಗದ್ದುಗೆಯ ಅಜ್ಜನ ಹೆಸರು ಹೇಳಿಕೊಂಡು ಉಂಡರು. ನಡುವೆ ಒಮ್ಮೆ ಧೋತರದ ಗಂಟು ಸಡಿಲಿಸಿದರು. ಪಂಕ್ತಿಯಲ್ಲಿದ್ದವರೆಲ್ಲ ತಮ್ಮ ಎಲೆ ಮುಗಿಸಿ, ಏಳುವ ಹಾಗಿಲ್ಲದ್ದರಿಂದ ಕುತ್ತಿಗೆ ಚಾಚಿ ಅವರನ್ನೇ ನೋಡುತ್ತ ಕುಳಿತರು. ಹೊರಗೆ ಎರಡನೆಯ ಪಂಕ್ತಿಯವರು ಹಸಿದು ನಿಂತಿದ್ದರು. ಗುರುಬಸವ್ವ ಬಕೀಟು ಕೆಳಗಿಟ್ಟು, ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಕಂಬದ ಮರೆಗೆ ಹೋದರು.

"ಆ ಮೂಲ್ಯಾಗ ಇನ್ನೂ ಐತಜ್ಜಾ," ಎಂದ ಸಂದೀಪ.

ಮೂಲೆಯದೂ ಮುಗಿಯಿತು. ಐಶ್ವರ್ಯಾ ಎಲೆಯನ್ನು ಎರಡೂ ಕೈಯಿಂದ ಎತ್ತಿ ಹಣೆಗೆ ಹಚ್ಚಿದಾಗ ಪಂಕ್ತಿಯವರೆಲ್ಲ ಒಟ್ಟಿಗೆ "ಹರ ಹರ ಮಹಾದೇವ" ಎಂದರು. ಅಷ್ಟು ಮನಸಾರೆ ಅದನ್ನು ಅವರು ಯಾವ ವರ್ಷವೂ ಅಂದಿರಲಿಲ್ಲ.

ವಿರೂಪಾಕ್ಷಪ್ಪ ಎದ್ದು ಕೈ ತೊಳೆಯಲು ಹೋಗುವಾಗ ಕೊಂಚ ನಿಂತರು. ಅವರ ದನಿಯಲ್ಲಿ ಈಗ ಬೆಲ್ಲ ಇರಲಿಲ್ಲ. "ಅಣ್ಣಾ, ಗಟ್ಟಿ ಅದಾಳ ನಿನ್ನ ಮೊಮ್ಮಗಳು. ನನ್ನ ಗಂಡಮಕ್ಕಳಾಗಿದ್ರ ನಾ ಕಣ್ಣ ಕೆಂಪ ಮಾಡಿದಕೂಡಲೇ ಎತ್ತಿಬಿಡತಿದ್ರು."

"ನೆತ್ತರದಾಗ ಬಂದೈತಿ," ಎನ್ನಲು ಹೊರಟ ಅಂದಾನೆಪ್ಪನವರಿಗೆ ಬಾಯಿ ತೆಗೆಯಲು ಭಯವಾಯಿತು. ಬೇವಿನ ಮರದ ಕಟ್ಟೆಗೆ ಹೋಗಿ, ಒರಗಿ, ಕಣ್ಣು ಮುಚ್ಚಿದರು.

ಹಣಮಂತಪ್ಪ ಮಾತ್ರ ಇನ್ನೂ ಕಂಬದ ಬಳಿಯೇ ಇದ್ದರು. ಕಡೆಯ ಎಲೆಯವರೆಗೆ ಎಂದಿದ್ದರು. ಕಡೆಯ ಎಲೆ ಇನ್ನೂ ದೂರ ಇತ್ತು. ಪಂಕ್ತಿಯ ಮೇಲೆ ಪಂಕ್ತಿ ಕುಳಿತಿತು. ಮೊದಲ ಎಲೆಯ ಸುದ್ದಿ ಬಯಲೆಲ್ಲ ಹಬ್ಬಿದ್ದರಿಂದ ಯಾರೂ ಬೇಕಾದ್ದಕ್ಕಿಂತ ಹೆಚ್ಚು ಹಾಕಿಸಿಕೊಳ್ಳಲಿಲ್ಲ. ಆದರೂ ಬಾಗುವುದು, ಎತ್ತುವುದು, ಗಾಡಿಗೆ ಹಾಕುವುದು ನಡೆದೇ ಇತ್ತು. ಬಿಸಿಲು ಇಳಿಯುವ ಹೊತ್ತಿಗೆ ಮಕ್ಕಳ ಕಾಲು ಎಳೆಯತೊಡಗಿದವು. ಸಂದೀಪನ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಬಂದಿತ್ತು.

"ಅಜ್ಜಾ, ಆ ಕಡಿ ಸಾಲು ನೀ ಹಿಡಿ," ಎಂದು ಐಶ್ವರ್ಯಾ ಕಟ್ಟೆಯ ಕಡೆಗೆ ಕೂಗಿದಳು. "ನಮ್ಮ ಕೈಲೆ ಆಗವಲ್ದು. ಮನಿಯವರ ಕೈ ಅಂದ್ರ ನಿಂದೂ ಮನೀದ."

ಅಂದಾನೆಪ್ಪನವರು ಕಣ್ಣು ತೆರೆದು, ಮೊಣಕಾಲಿನ ಮಾತೆತ್ತದೆ ಎದ್ದರು. ಮೊದಲ ಎಲೆಗೆ ಬಾಗಿದಾಗ ಮೊಣಕಾಲೂ ಹೊಟ್ಟೆಯೂ ಒಟ್ಟಿಗೆ ತಕರಾರು ಮಾಡಿದವು. ಎರಡನೆಯದಕ್ಕೆ ಉಸಿರು ಸಿಕ್ಕಿಕೊಂಡಿತು. ಸಾಲಿನ ನಡುವಿಗೆ ಬರುವಷ್ಟರಲ್ಲಿ, ಉಂಡ ಮುದುಕಿಯೊಬ್ಬಳು ಅವರ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. "ನಿಮ್ಮಪ್ಪ ಹಿಂಗ ಬಾಗಿ ಎತ್ತತಿದ್ದ. ನಿನ್ನ ಕೈಲೆ ಎತ್ತಿಸ್ಕೋಬೇಕಂತ ಭಾಳ ವರ್ಷದಿಂದ ಆಸೆ ಇತ್ತಪಾ," ಎಂದಳು. ಫೋಟೋ ತೆಗೆಯುವವರು ಯಾರೂ ಅಲ್ಲಿರಲಿಲ್ಲ. ಅಂದಾನೆಪ್ಪನವರಿಗೆ ಅದು ನೆನಪೂ ಆಗಲಿಲ್ಲ.

ಎಲ್ಲ ಮುಗಿದ ಮೇಲೆ ಎತ್ತುವವರ ಪಂಕ್ತಿ. ರಾಜೇಶ್ವರಿ ಎಲೆ ಹಾಸಿದಳು. ಅಂದಾನೆಪ್ಪನವರು ಮೆಲ್ಲಗೆ ಕಟ್ಟೆಯ ಕಡೆ ತಿರುಗಿದ್ದನ್ನು ಐಶ್ವರ್ಯಾ ಕಂಡಳು. "ಎಲ್ಲಿಗೆ ಹೊಂಟಿ ಅಜ್ಜಾ?"

"ನನ್ನ ಊಟ ಆಗೇತಲ್ಲವ್ವಾ."

"ಅದು ಉಣ್ಣೋರ ಪಂಕ್ತಿ ಊಟ. ಈಗ ನೀನೂ ಎಲಿ ಎತ್ತೀದಿ. ಎತ್ತಿದವರು ಕಡೀ ಪಂಕ್ತಿಯಾಗ ಉಣ್ಣಬೇಕಲ್ಲ? ಹಿರ್ಯಾ ತುತ್ತ ಇಡದ ನಾವು ಹೆಂಗ ಉಣ್ಣೂದು?"

ಅಂದಾನೆಪ್ಪನವರು ಕುಳಿತರು. ಈ ಸಲ ಗುರುಬಸವ್ವ ಸವಟು ಎತ್ತುವ ಮೊದಲೇ ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿದು, "ಮುಟ್ಟಿಸಿದಂಗ ಮಾಡು ಸಾಕು," ಎಂದರು. ಗುರುಬಸವ್ವನಿಗೆ ಪಾಪ ಅನ್ನಿಸಿತೋ ಏನೋ, ಅಷ್ಟೇ ಹಾಕಿದರು. ಅವರು ಅದನ್ನು ಔಷಧಿಯಂತೆ ನುಂಗಿ, ಎಲೆ ತೋರಿಸಿ, ಗೆದ್ದವರಂತೆ ಎದ್ದರು. ಐಶ್ವರ್ಯಾ ತನ್ನದನ್ನು ಮುಗಿಸಿ ಎಲೆಗಳನ್ನು ಎತ್ತುತ್ತ ಬಂದಳು. ಹಣಮಂತಪ್ಪ ಗದ್ದುಗೆಯ ಬೀಗದ ಕೈ ಹಿಡಿದು ಹಿಂದೆಯೇ ಬರುತ್ತಿದ್ದರು.

ಕಡೆಯ ಎಲೆಯ ಮುಂದೆ ಅವಳು ನಿಂತಳು. ಅದು ಸಂದೀಪನ ಎಲೆ. ಸಂದೀಪ ಕುಳಿತಲ್ಲೇ ಗದ್ದುಗೆಯ ಗೋಡೆಗೆ ಒರಗಿ, ಬಾಯಿ ತೆರೆದು, ಗಾಢ ನಿದ್ದೆಯಲ್ಲಿದ್ದ. ಕೈಗೆ ಹುಗ್ಗಿ ಮೆತ್ತಿತ್ತು. ಎಲೆಯ ಮೇಲೆ ದೊಡ್ಡವರು ಹಾಕಿಸಿಕೊಳ್ಳುವಷ್ಟು ಹುಗ್ಗಿ ಹಾಗೇ ಇತ್ತು.

"ಏ ಸಂದ್ಯಾ, ಏಳೋ," ಎಂದು ಐಶ್ವರ್ಯಾ ಬಗ್ಗಿದಳು.

"ಎಬ್ಬಸಬ್ಯಾಡವ್ವಾ," ಎಂದರು ಗುರುಬಸವ್ವ. "ಮುಂಜಾನಿಂದ ನಿಂತ ನಿಂತ ಕೂಸಿನ ಕಾಲು ಬಾತಾವು. ಮಲಗಲಿ."

ಹಣಮಂತಪ್ಪ ಎಲೆ ನೋಡಿದರು, ಹುಡುಗನನ್ನು ನೋಡಿದರು. ಇಡೀ ದಿನದಲ್ಲಿ ಮೊದಲ ಸಲ ಅವರ ಮುಖ ಸಡಿಲವಾಯಿತು. "ಅಂದಾನೆಪ್ಪಾರ, ಇದೊಂದ ಎಲಿ ನೋಡ್ರಿ. ಇದನ್ನ ಎತ್ತಿದ್ರ ಸೇವಾ ನಿಮ್ಮ ಮನ್ಯಾಗನ. ಇನ್ನ ಈ ವಿಷಯ ಯಾರೂ ಎತ್ತೂದಿಲ್ಲ. ಆದ್ರ ಪದ್ಧತಿ ಅಂದ್ರ ಪದ್ಧತಿ."

ಐಶ್ವರ್ಯಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ನಂದಂತೂ ತುಂಬೇತಿ," ಎಂದಳು. ರಾಜೇಶ್ವರಿ ಕೊಪ್ಪರಿಗೆ ತಿಕ್ಕಿಸಲು ಹೋಗಿದ್ದಳು. ಗುರುಬಸವ್ವ ಸೋಮವಾರದ ಒಪ್ಪತ್ತಿನವರು. ಅವರ ಒಂದು ಹೊತ್ತಿನ ಊಟ ಆಗಿತ್ತು. ಎಲ್ಲರೂ ಅಂದಾನೆಪ್ಪನವರ ಕಡೆ ನೋಡಿದರು.

ಅಂದಾನೆಪ್ಪನವರು ಯಾರ ಕಡೆಯೂ ನೋಡಲಿಲ್ಲ. ನಿದ್ದೆಯಲ್ಲಿದ್ದ ಮೊಮ್ಮಗನ ಅಂಟುಗೈಯನ್ನು ತಮ್ಮ ಟವೆಲಿನಿಂದ ಒರೆಸಿದರು. ಅವನ ತಲೆಯನ್ನು ಗೋಡೆಯಿಂದ ಬಿಡಿಸಿ ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಅಂಗಿಯ ತೋಳು ಮಡಚಿ, ಎಲೆಯನ್ನು ಮುಂದಕ್ಕೆ ಎಳೆದುಕೊಂಡು ಮೊದಲ ತುತ್ತು ಎತ್ತಿದರು.

ಗುರುಬಸವ್ವ ಹಾಲಿನ ತಂಬಿಗೆ ಹಿಡಿದು ಬಂದು ಪಕ್ಕದಲ್ಲಿ ಕುಳಿತರು. "ಹಾಲು ಹಾಕ್ಲ್ಯಾರಿ? ಹಗರಕ ಇಳೀತೈತಿ."

ಬಾಯಿ ತುಂಬಿದ್ದ ಅಂದಾನೆಪ್ಪನವರು ಹೂಂ ಎಂದು ತಲೆಯಾಡಿಸಿದರು. ಎಲೆಯನ್ನು ಆಕೆಯ ಕಡೆಗೆ ಒಂದಿಷ್ಟು ಸರಿಸಿದರು.